ಚಾಕೊಲೇಟ್ ಕೇಕಿನಲ್ಲಿ ತರಕಾರಿ: ಮಾಡುವ ಬಗೆ, ದೊರೆಯುವ ಲಾಭ ಮತ್ತು ಮಿತಿ

ಮಕ್ಕಳು ತಟ್ಟೆಯ ಅಂಚಿಗೆ ಸರಿಸಿಬಿಡುವ ಬೀಟ್‌ರೂಟ್, ಸಿಹಿಕುಂಬಳಗಳನ್ನು ಬೇಯಿಸಿ ಅರೆದು ಚಾಕೊಲೇಟ್ ಕೇಕಿನ ಹಿಟ್ಟಿಗೆ ಸೇರಿಸಿದಾಗ ಅವರು ತಕರಾರಿಲ್ಲದೆ ತಿನ್ನುತ್ತಾರೆ. ಕೋಕೋವಿನ ಗಾಢ ಬಣ್ಣ ಮತ್ತು ಪರಿಮಳದ ನಡುವೆ ತರಕಾರಿಯ ಗುರುತು ಸಿಗುವುದಿಲ್ಲ. ಗೃಹಿಣಿಯರಲ್ಲಿಯೂ, ಮನೆಯಲ್ಲಿಯೇ ಬೇಕರಿ ತಿನಿಸುಗಳನ್ನು ತಯಾರಿಸಿ ಮಾರುವ ಸ್ವಸಹಾಯ ಸಂಘಗಳ ಮಹಿಳೆಯರಲ್ಲಿಯೂ ಈ ವಿಧಾನದ ಬಗ್ಗೆ ಆಸಕ್ತಿ ಇರುವುದು ಸಹಜ. ಆದರೆ ‘ತರಕಾರಿ ಇದೆ, ಆದ್ದರಿಂದ ಎಷ್ಟು ತಿಂದರೂ ಒಳ್ಳೆಯದು’ ಎಂಬ ನಂಬಿಕೆ ಸರಿಯಲ್ಲ. ಇಂತಹ ಕೇಕಿನ ನಿಜವಾದ ಲಾಭವಿರುವುದು ಅದರೊಳಗೆ ಸೇರುವ ತರಕಾರಿಯಲ್ಲಿ ಅಲ್ಲ. ಆ ತರಕಾರಿಯ ನೆರವಿನಿಂದ ನಾವು ಹೊರಗಿಡಬಹುದಾದ ಸಕ್ಕರೆ ಮತ್ತು ಜಿಡ್ಡಿನಲ್ಲಿ. ಸಕ್ಕರೆ, ಬೆಣ್ಣೆಗಳ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡು ಮೇಲೊಂದಿಷ್ಟು ತರಕಾರಿ ಬೆರೆಸಿದರೆ ದೊರೆಯುವುದು ಸ್ವಲ್ಪ ಒದ್ದೆಯಾದ ಮಾಮೂಲಿ ಕೇಕ್ ಅಷ್ಟೆ.

ಸಿಹಿತಿನಿಸಿಗೆ ತರಕಾರಿ ಬೆರೆಸುವುದು ನಮಗೆ ಹೊಸದೂ ಅಲ್ಲ. ಬೂದುಗುಂಬಳದ ಕಾಶಿ ಹಲ್ವ, ಕ್ಯಾರೆಟ್ ಹಲ್ವ, ಮಲೆನಾಡು ಮತ್ತು ಕರಾವಳಿಯ ಸೌತೆಕಾಯಿ ಕಡುಬು ಎಲ್ಲರಿಗೂ ಪರಿಚಿತ. ಕೊಂಕಣಿಗರ ಮನೆಗಳ ತವಸಳಿಯಂತೂ ಸೌತೆಕಾಯಿ ತುರಿ, ರವೆ ಮತ್ತು ಬೆಲ್ಲಗಳಿಂದ ಮಾಡಿದ ಅಪ್ಪಟ ದೇಸಿ ಕೇಕ್. ಸ್ವಿಟ್ಜರ್ಲೆಂಡಿನ ಆರ್ಗಾವ್ ಪ್ರಾಂತ್ಯವು ಕ್ಯಾರೆಟ್ ಕೇಕಿಗೆ ಹೆಸರಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿಯಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ಪಡಿತರ ಜಾರಿಯಾದಾಗ, ಅಲ್ಲಿನ ಸರ್ಕಾರವೇ ಸಿಹಿಗಾಗಿ ಕ್ಯಾರೆಟ್ ಬಳಸುವಂತೆ ಪ್ರಚಾರ ಮಾಡಿತು. ಈ ಯಾವ ತಿನಿಸಿನಲ್ಲಿಯೂ ತರಕಾರಿಯನ್ನು ಯಾರೂ ಬಚ್ಚಿಡಲಿಲ್ಲ. ಮಕ್ಕಳಿಗೆ ತಿಳಿಯದಂತೆ ತರಕಾರಿ ಸೇರಿಸುವ ಅಡುಗೆಗೆ ದೊಡ್ಡ ಪ್ರಚಾರ ದೊರೆತದ್ದು 2007ರಲ್ಲಿ, ಅಮೆರಿಕದಲ್ಲಿ ಜೆಸಿಕಾ ಸೈನ್‌ಫೆಲ್ಡ್ ಮತ್ತು ಮಿಸ್ಸಿ ಚೇಸ್ ಲ್ಯಾಪೀನ್ ಅವರ ಎರಡು ಅಡುಗೆ ಪುಸ್ತಕಗಳು ಒಂದೇ ವರ್ಷ ಹೊರಬಂದ ಮೇಲೆ. ಬಚ್ಚಿಡುವುದರ ಸಾಧಕ ಬಾಧಕಗಳನ್ನು ಮುಂದೆ ನೋಡೋಣ.

ತರಕಾರಿಯ ತಿರುಳು ಕೇಕಿನಲ್ಲಿ ಮಾಡುವ ಕೆಲಸ

ಕೇಕಿನಲ್ಲಿ ಜಿಡ್ಡು ಹಿಟ್ಟಿನ ಕಣಗಳನ್ನು ಆವರಿಸಿ, ಗೋಧಿಯ ಗ್ಲುಟೆನ್ ಗಟ್ಟಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆ. ಕೇಕು ಮೆದುವಾಗುವುದು ಇದರಿಂದ. ಸಕ್ಕರೆಯೂ ಸಿಹಿಯನ್ನಷ್ಟೇ ಕೊಡುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ಕೇಕು ಬೇಗ ಒಣಗದಂತೆ ಕಾಯುತ್ತದೆ. ಆದ್ದರಿಂದ ಇವೆರಡನ್ನು ಸುಮ್ಮನೆ ಕಡಿಮೆ ಮಾಡಿದರೆ ಕೇಕು ಒರಟಾಗಿ, ಮರುದಿನಕ್ಕೆ ರಸ್ಕಿನಂತಾಗುತ್ತದೆ. ಈ ಕೊರತೆಯನ್ನು ತುಂಬಲು ತರಕಾರಿ ಬೇಕು.

ಬೀಟ್‌ರೂಟಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ ಇರುತ್ತದೆ. ಆದರೆ ಈ ನೀರು ಲೋಟದ ನೀರಿನಂತೆ ಹರಿದಾಡುವುದಿಲ್ಲ. ನಾರು ಮತ್ತು ಪೆಕ್ಟಿನ್‌ಗಳ ಜಾಲದಲ್ಲಿ ಸಿಕ್ಕಿಕೊಂಡಿರುವ ಅದು ಬೇಯುವಾಗ ನಿಧಾನವಾಗಿ ಬಿಡುಗಡೆಯಾಗುತ್ತದೆ, ಬೆಂದ ಮೇಲೂ ಕೇಕಿನಲ್ಲಿ ಬಹಳಷ್ಟು ಉಳಿಯುತ್ತದೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಸ್ವಂತದ್ದೇ ಆದ ಏಳೆಂಟು ಗ್ರಾಂ ಸಕ್ಕರೆಯೂ ಇದೆ. ಹೀಗಾಗಿ ಸಾಮಾನ್ಯ ಪಾಕವಿಧಾನವೊಂದರಲ್ಲಿ ಜಿಡ್ಡಿನ ಅರ್ಧ ಭಾಗವನ್ನೂ, ಸಕ್ಕರೆಯ ಮೂರನೇ ಒಂದು ಭಾಗವನ್ನೂ ತೆಗೆದು, ಆ ಜಾಗದಲ್ಲಿ ತಿರುಳನ್ನು ಬಳಸಲು ಅಡ್ಡಿಯಿಲ್ಲ. ಜಿಡ್ಡನ್ನು ಪೂರ್ತಿಯಾಗಿ ಬಿಡುವ ಪಾಕವಿಧಾನಗಳೂ ಪ್ರಚಾರದಲ್ಲಿವೆ. ಅವುಗಳಿಂದ ಬರುವ ಕೇಕು ರಬ್ಬರಿನಂತೆ ಎಳೆಯುತ್ತದೆ. ಅವನ್ನು ಶಿಫಾರಸು ಮಾಡಲಾಗದು.

ಮೈದಾ ಬದಲು ಗೋಧಿ ಹಿಟ್ಟು ಮತ್ತು ರಾಗಿ ಹಿಟ್ಟನ್ನು ಬಳಸುವುದಾದರೆ ತಿರುಳಿನಿಂದ ಇನ್ನೊಂದು ಉಪಕಾರವಿದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ರಾಗಿ ಕೇಕು ಪುಡಿಪುಡಿಯಾಗಿ ಉದುರುತ್ತದೆ, ನಾಲಿಗೆಗೆ ಮರಳು ಮರಳಾಗಿಯೂ ಇರುತ್ತದೆ. ರಾಗಿ ಹಿಟ್ಟನ್ನು ಬಿಸಿ ತಿರುಳಿನಲ್ಲಿ ಕಲಸಿ ಕಾಲು ಗಂಟೆ ನೆನೆಯಲು ಬಿಟ್ಟರೆ ಈ ಎರಡು ದೋಷಗಳೂ ಬಹುಮಟ್ಟಿಗೆ ನೀಗುತ್ತವೆ. ಸೋಡಾ ಸೇರಿಸಿದ ನಂತರ ಹಿಟ್ಟನ್ನು ಹೀಗೆ ಕಾಯಿಸಬಾರದು. ಅನಿಲವೆಲ್ಲ ಹೊರಹೋಗಿ ಕೇಕು ಉಬ್ಬುವುದಿಲ್ಲ.

ಕೋಕೋ ಪುಡಿಯ ಆಯ್ಕೆ

ಮಾರುಕಟ್ಟೆಯಲ್ಲಿ ಎರಡು ಬಗೆಯ ಕೋಕೋ ಪುಡಿ ದೊರೆಯುತ್ತದೆ. ಮೊದಲನೆಯದು ಸಹಜ ಕೋಕೋ: ತಿಳಿ ಕಂದು ಬಣ್ಣ, ಸ್ವಲ್ಪ ಹುಳಿ. ಎರಡನೆಯದು ಕ್ಷಾರದಿಂದ ಸಂಸ್ಕರಿಸಿದ್ದು: ಗಾಢ ಬಣ್ಣ, ಮೃದು ರುಚಿ. ಪೊಟ್ಟಣದ ಮೇಲೆ ಐಎನ್‌ಎಸ್ 501 ಎಂಬ ಸಂಖ್ಯೆಯಿದ್ದರೆ ಅದು ಎರಡನೆಯ ಬಗೆಯದೆಂದು ತಿಳಿಯಬಹುದು. ಅಡುಗೆ ಸೋಡಾ ಕೆಲಸ ಮಾಡಲು ಹುಳಿ ಬೇಕಾದ್ದರಿಂದ ಕೆಳಗಿನ ವಿಧಾನಕ್ಕೆ ಸಹಜ ಕೋಕೋ ತಕ್ಕದ್ದು. ಕೋಕೋವಿನ ಪ್ರಯೋಜನಕಾರಿ ಫ್ಲೇವನಾಯ್ಡ್‌ಗಳೂ ಕ್ಷಾರ ಸಂಸ್ಕರಣೆಯಲ್ಲಿ ನಷ್ಟವಾಗುತ್ತವೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಮಿಶ್ರಬೆಳೆಯಾಗಿ ಬೆಳೆಯುತ್ತಿದೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋ ಸಹಕಾರ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆಯಿದೆ. ಕೇಕಿನ ಮೇಲೆ ಉದುರಿಸುವ ಅಗ್ಗದ ‘ಕಾಂಪೌಂಡ್’ ಚಾಕೊಲೇಟ್ ಚೂರುಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬೂ, ಧಾರಾಳವಾಗಿ ಸಕ್ಕರೆಯೂ ಇರುತ್ತವೆ. ಕೇಕಿನ ಒಳಗೆ ಉಳಿಸಿದ್ದನ್ನು ಮೇಲಿನಿಂದ ಸುರಿದಂತಾಗುವುದರಿಂದ ಅವುಗಳನ್ನು ಬಿಡುವುದೇ ಲೇಸು.

ಬೀಟ್‌ರೂಟ್–ರಾಗಿ ಚಾಕೊಲೇಟ್ ಕೇಕ್

ಬೇಕಾಗುವ ಸಾಮಗ್ರಿಗಳು (20 ಸೆಂ.ಮೀ. ಚೌಕದ ಒಂದು ತಟ್ಟೆಗೆ): ಬೇಯಿಸಿ ಅರೆದ ಬೀಟ್‌ರೂಟ್ ತಿರುಳು 200 ಗ್ರಾಂ, ಗೋಧಿ ಹಿಟ್ಟು 110 ಗ್ರಾಂ, ರಾಗಿ ಹಿಟ್ಟು 70 ಗ್ರಾಂ, ಕೋಕೋ ಪುಡಿ 40 ಗ್ರಾಂ, ಪುಡಿ ಬೆಲ್ಲ 140 ಗ್ರಾಂ, ಮೊಟ್ಟೆ 2, ವಾಸನೆಯಿಲ್ಲದ ಅಡುಗೆ ಎಣ್ಣೆ 60 ಮಿ.ಲೀ., ಹಾಲು 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 1 ಚಹಾ ಚಮಚ, ಅಡುಗೆ ಸೋಡಾ ಅರ್ಧ ಚಹಾ ಚಮಚ, ನಿಂಬೆ ರಸ 1 ಚಹಾ ಚಮಚ, ವೆನಿಲಾ ಸಾರ 1 ಚಹಾ ಚಮಚ, ಚಿಟಿಕೆ ಉಪ್ಪು.

ಮಧ್ಯಮ ಗಾತ್ರದ ಎರಡು ಮೂರು ಬೀಟ್‌ರೂಟ್‌ಗಳನ್ನು ತೊಳೆದು, ಸಿಪ್ಪೆ ತೆಗೆಯದೆ, ಎರಡು ಸೆಂ.ಮೀ. ದಂಟು ಮತ್ತು ಬಾಲದ ಬೇರನ್ನು ಉಳಿಸಿಕೊಂಡು ಕುಕ್ಕರಿನಲ್ಲಿ ಮೆತ್ತಗಾಗುವಂತೆ ಬೇಯಿಸಬೇಕು. ಮೊದಲೇ ಹೆಚ್ಚಿದರೆ ಬಣ್ಣ ಮತ್ತು ಸತ್ವ ನೀರಿಗೆ ಇಳಿದುಹೋಗುತ್ತವೆ. ಬೆಂದ ನಂತರ ಸಿಪ್ಪೆಯನ್ನು ದಪ್ಪವಾಗಿಯೇ ತೆಗೆಯಿರಿ. ಮಕ್ಕಳು ಇಷ್ಟಪಡದ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತು ಸಿಪ್ಪೆಯಲ್ಲಿಯೇ ಹೆಚ್ಚು. ಉಳಿದ ವಾಸನೆಯನ್ನು ನಿಂಬೆಯ ಹುಳಿ ತಗ್ಗಿಸುತ್ತದೆ. ನೀರು ಸೇರಿಸದೆ ನುಣ್ಣಗೆ ರುಬ್ಬಿ, 200 ಗ್ರಾಂ ತೂಕ ಮಾಡಿ, ನಿಂಬೆ ರಸ ಹಿಂಡಿ, ಬಿಸಿಯಿರುವಾಗಲೇ ರಾಗಿ ಹಿಟ್ಟನ್ನು ಕಲಸಿ ಹದಿನೈದು ನಿಮಿಷ ಬಿಡಬೇಕು.

ಅಷ್ಟರಲ್ಲಿ ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ ಮತ್ತು ಬೆಲ್ಲವನ್ನು ನೊರೆ ಬರುವವರೆಗೆ ಮೂರು ನಾಲ್ಕು ನಿಮಿಷ ಕಡೆದು, ಎಣ್ಣೆ, ಹಾಲು, ವೆನಿಲಾ ಸೇರಿಸಿ. ಗೋಧಿ ಹಿಟ್ಟು, ಕೋಕೋ, ಸೋಡಾ, ಬೇಕಿಂಗ್ ಪೌಡರ್, ಉಪ್ಪುಗಳನ್ನು ಒಟ್ಟಿಗೆ ಎರಡು ಬಾರಿ ಜರಡಿ ಹಿಡಿಯಿರಿ. ತಣಿದ ರಾಗಿ–ಬೀಟ್‌ರೂಟ್ ಮಿಶ್ರಣವನ್ನು ಮೊಟ್ಟೆಯ ಮಿಶ್ರಣಕ್ಕೆ ಬೆರೆಸಿ, ಕೊನೆಯಲ್ಲಿ ಒಣ ಹಿಟ್ಟನ್ನು ಸೇರಿಸಿ, ಒಣ ಹಿಟ್ಟು ಕಾಣದಾದ ಕೂಡಲೇ ಕಲಸುವುದನ್ನು ನಿಲ್ಲಿಸಬೇಕು. ಹದವು ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿರಲಿ. ಎಣ್ಣೆ ಸವರಿದ ತಟ್ಟೆಗೆ ಹುಯ್ದು, ಮೊದಲೇ ಬಿಸಿ ಮಾಡಿದ ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 35ರಿಂದ 40 ನಿಮಿಷ ಬೇಯಿಸಿರಿ.

ಓವನ್ ಇಲ್ಲದಿದ್ದರೆ ದಪ್ಪ ತಳದ ಕುಕ್ಕರಿನಲ್ಲಿ ಒಂದು ಅಂಗುಲ ಉಪ್ಪು ಅಥವಾ ಶುದ್ಧ ಮರಳು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಕುಕ್ಕರಿನೊಳಗೆ ಹಿಡಿಸುವ ದುಂಡು ತಟ್ಟೆಯನ್ನು ಇಟ್ಟು ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ ಬೇಯಿಸಬಹುದು. ಮುಚ್ಚಳದ ರಬ್ಬರ್ ಮತ್ತು ಸೀಟಿಯನ್ನು ಕಡ್ಡಾಯವಾಗಿ ತೆಗೆದಿರಬೇಕು, ನೀರು ಹಾಕಬಾರದು.

ಕೇಕು ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವಾಗ ಒಂದು ವ್ಯತ್ಯಾಸವನ್ನು ಗಮನಿಸಿರಿ. ತರಕಾರಿ ಕೇಕಿನಲ್ಲಿ ಕಡ್ಡಿ ಪೂರ್ತಿ ಒಣಗಿ ಬರುವುದಿಲ್ಲ. ಹಸಿ ಹಿಟ್ಟು ಅಂಟಿರಬಾರದು, ಒದ್ದೆ ಚೂರುಗಳು ಅಂಟಿದ್ದರೆ ಸಾಕು. ಕಡ್ಡಿ ಸ್ವಚ್ಛವಾಗಿ ಬರಲೆಂದು ಕಾದರೆ ಅಂಚುಗಳು ಸೀದುಹೋಗುತ್ತವೆ. ಬಿಸಿಯಿರುವಾಗ ಕತ್ತರಿಸಿದರೆ ಒಳಗೆ ಹಸಿಯಿದ್ದಂತೆ ತೋರುತ್ತದೆ. ಒಂದು ಗಂಟೆ ಆರಲು ಬಿಟ್ಟು ಹದಿನಾರು ತುಂಡುಗಳಾಗಿ ಕತ್ತರಿಸಬೇಕು. ಬೆಂದ ಕೇಕು ಕೆಂಪಗಿರದೆ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ದೋಷವಲ್ಲ. ಬೀಟ್‌ರೂಟಿನ ಬಣ್ಣವಾದ ಬೀಟಾಲೇನ್ ಶಾಖಕ್ಕೂ, ಸೋಡಾದ ಕ್ಷಾರಕ್ಕೂ ನಿಲ್ಲುವುದಿಲ್ಲ.

ಮೊಟ್ಟೆ ಬಳಸದವರು ಎರಡು ಮೊಟ್ಟೆಗೆ ಬದಲಾಗಿ 120 ಗ್ರಾಂ ಗಟ್ಟಿ ಮೊಸರು ಹಾಕಿ, ಹಾಲು ಮತ್ತು ನಿಂಬೆ ರಸವನ್ನು ಬಿಡಬಹುದು. ಆಗ ಕೇಕನ್ನು ಹಿಡಿದು ನಿಲ್ಲಿಸುವ ಶಕ್ತಿ ಕಡಿಮೆಯಾಗುವುದರಿಂದ ರಾಗಿಯನ್ನು 40 ಗ್ರಾಂಗೆ ಇಳಿಸಿ, ಗೋಧಿಯನ್ನು 140 ಗ್ರಾಂಗೆ ಏರಿಸಿರಿ.

ಒಂದು ತುಂಡಿನ ಲೆಕ್ಕ

ಈ ಪ್ರಮಾಣದಲ್ಲಿ ಮಾಡಿದ ಸುಮಾರು 40 ಗ್ರಾಂನ ಒಂದು ತುಂಡಿನಲ್ಲಿ ಇರುವ ಬೆಲ್ಲ ಸುಮಾರು 9 ಗ್ರಾಂ, ಎಣ್ಣೆ ಮೂರೂವರೆ ಗ್ರಾಂ. ಇದೇ ತಟ್ಟೆಯ ಮಾಮೂಲಿ ಚಾಕೊಲೇಟ್ ಕೇಕಿಗೆ 220ರಿಂದ 250 ಗ್ರಾಂ ಸಕ್ಕರೆ, 120ರಿಂದ 150 ಗ್ರಾಂ ಬೆಣ್ಣೆ ಬೀಳುವುದು ಸಾಮಾನ್ಯ. ಅಂದರೆ ತುಂಡಿಗೆ 14–15 ಗ್ರಾಂ ಸಕ್ಕರೆ, 8–9 ಗ್ರಾಂ ಬೆಣ್ಣೆ. ಉಳಿತಾಯ ಸಣ್ಣದಲ್ಲ.

ಇನ್ನು ತರಕಾರಿಯ ಲೆಕ್ಕ. ಇನ್ನೂರು ಗ್ರಾಂ ಬೀಟ್‌ರೂಟನ್ನು ಹದಿನಾರು ತುಂಡಿಗೆ ಹಂಚಿದರೆ ತುಂಡಿಗೆ ಹನ್ನೆರಡೂವರೆ ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಲ್ಲಿ, 2000 ಕಿಲೋ ಕ್ಯಾಲೊರಿಯ ದಿನದ ಊಟಕ್ಕೆ ಸೂಚಿಸಿರುವ ತರಕಾರಿ ಮತ್ತು ಸೊಪ್ಪು 400 ಗ್ರಾಂ. ಕೇಕಿನ ತುಂಡೊಂದು ಅದರ ನೂರಕ್ಕೆ ಮೂರು ಭಾಗವನ್ನಷ್ಟೇ ಒದಗಿಸುತ್ತದೆ. ಸಣ್ಣ ಸೌಟಿನಷ್ಟು ಪಲ್ಯದ ತರಕಾರಿ ದೊರೆಯಬೇಕಾದರೆ ಮಗು ಮೂರು ತುಂಡು ತಿನ್ನಬೇಕು, ಜೊತೆಗೆ 27 ಗ್ರಾಂ ಬೆಲ್ಲವನ್ನೂ ತಿಂದಿರುತ್ತದೆ. ರಾಗಿಯ ಸುಣ್ಣದಂಶವೂ ಹೀಗೆಯೇ: ತುಂಡೊಂದಕ್ಕೆ ಹದಿನೈದು ಮಿ.ಗ್ರಾಂ ಆಸುಪಾಸು. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಸಿಗುತ್ತದೆ.

ಬೆಲ್ಲವನ್ನು ಸಕ್ಕರೆಯಲ್ಲವೆಂದು ಭಾವಿಸುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದಂತೆ, ಹೊರಗಿನಿಂದ ಸೇರಿಸಿದ ಸಿಹಿಯಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಇರಬೇಕು. ಬೆಲ್ಲ, ಜೇನು ಎಲ್ಲವೂ ಈ ಮಿತಿಯೊಳಗೇ ಬರುತ್ತವೆ. ದಿನಕ್ಕೆ 1400 ಕಿಲೋ ಕ್ಯಾಲೊರಿ ಬೇಕಾಗುವ ಐದಾರು ವರ್ಷದ ಮಗುವಿಗೆ ಶೇ. 5 ಎಂದರೆ ಸುಮಾರು 17 ಗ್ರಾಂ. ಈ ಕೇಕಿನ ಎರಡು ತುಂಡಿಗೇ ಆ ಮಿತಿ ಮುಟ್ಟುತ್ತದೆ. ಮಧುಮೇಹಿಗಳಿಗೆ ‘ಬೆಲ್ಲದ ಕೇಕ್, ತಿನ್ನಬಹುದು’ ಎಂದು ಹೇಳಿ ಕೊಡುವುದಂತೂ ಅಪಾಯಕಾರಿ.

ಬೇರೆ ತರಕಾರಿಗಳು

ಬೀಟ್‌ರೂಟ್ ಜಾಗದಲ್ಲಿ ಸಿಹಿಕುಂಬಳ ಚೆನ್ನಾಗಿ ಹೊಂದುತ್ತದೆ, ಆದರೆ ನಮ್ಮ ಕುಂಬಳದಲ್ಲಿ ನೀರು ಹೆಚ್ಚು. ಹಬೆಯಲ್ಲಿ ಬೇಯಿಸಿ ಅರೆದ 300 ಗ್ರಾಂ ತಿರುಳನ್ನು ದಪ್ಪ ತಳದ ಬಾಣಲೆಯಲ್ಲಿ ಕೈಯಾಡಿಸುತ್ತ 200 ಗ್ರಾಂಗೆ ಇಳಿಸಿಕೊಂಡೇ ಬಳಸಬೇಕು. ಕುಂಬಳ, ಕ್ಯಾರೆಟ್ ಮತ್ತು ಕಿತ್ತಳೆ ತಿರುಳಿನ ಗೆಣಸಿನಲ್ಲಿರುವ ಬೀಟಾ ಕ್ಯಾರೋಟಿನ್, ‘ಸಿ’ ಜೀವಸತ್ವದಂತೆ ಶಾಖಕ್ಕೆ ಬೇಗ ನಾಶವಾಗುವಂಥದ್ದಲ್ಲ. ಸ್ವಲ್ಪ ಜಿಡ್ಡಿನೊಂದಿಗೆ ಬೆಂದಾಗ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಪೋಷಣೆಯ ದೃಷ್ಟಿಯಿಂದ ಬೀಟ್‌ರೂಟಿಗಿಂತ ಇವುಗಳಿಗೇ ಆದ್ಯತೆ ಕೊಡಬಹುದು.

ಎಲ್ಲಕ್ಕಿಂತ ಲಾಭದಾಯಕವಾದುದು ಗೆಣಸು. ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಭೂ ಸೋನಾ’ ತಳಿಯ ನೂರು ಗ್ರಾಂ ಗೆಡ್ಡೆಯಲ್ಲಿ ಸುಮಾರು 14 ಮಿ.ಗ್ರಾಂ ಬೀಟಾ ಕ್ಯಾರೋಟಿನ್ ಇದೆ. ಗೆಣಸು ನಿಧಾನವಾಗಿ ಬಿಸಿಯಾಗುವಾಗ ಅದರ ಸ್ವಂತ ಕಿಣ್ವಗಳು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಪರಿವರ್ತಿಸುತ್ತವೆ. ಕೆಂಡದಲ್ಲಿ ಸುಟ್ಟ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿಯಾಗಿರುವುದು ಇದೇ ಕಾರಣಕ್ಕೆ. ಹೀಗೆ ನಿಧಾನವಾಗಿ ಬೇಯಿಸಿದ ತಿರುಳನ್ನು ಬಳಸಿದರೆ ಬೆಲ್ಲವನ್ನು 100–110 ಗ್ರಾಂಗೆ ಇಳಿಸಲು ಸಾಧ್ಯ. ಕೇಕು ಮಾತ್ರ ಹೆಚ್ಚು ಉಬ್ಬದೆ ಬ್ರೌನಿಯಂತೆ ಗಟ್ಟಿಯಾಗಿರುತ್ತದೆ. ತಿರುಳು ತೀರ ಗಟ್ಟಿಯೆನಿಸಿದರೆ ಎರಡು ಚಮಚ ಹಾಲು ಹೆಚ್ಚಿಸಿರಿ.

ಪಾಲಕ್ ಸೇರಿಸಿ ‘ಕಬ್ಬಿಣಾಂಶಭರಿತ ಚಾಕೊಲೇಟ್ ಕೇಕ್’ ಎನ್ನುವುದು ಕೇಳಲು ಚೆನ್ನ. ಆದರೆ ಪಾಲಕಿನ ಆಕ್ಸಲೇಟ್ ಮತ್ತು ಕೋಕೋವಿನ ಪಾಲಿಫಿನಾಲ್‌ಗಳು ಕಬ್ಬಿಣಾಂಶ ದೇಹಕ್ಕೆ ಸೇರದಂತೆ ಅಡ್ಡಿಪಡಿಸುತ್ತವೆ. ರಕ್ತಹೀನತೆಯಿರುವ ಮಗುವಿಗೆ ಇದನ್ನು ಮದ್ದಿನಂತೆ ಕೊಟ್ಟು ವೈದ್ಯರು ಸೂಚಿಸಿದ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬಾರದು.

ಎಚ್ಚರಿಕೆ: ಕಹಿ ಸೋರೆ, ಕಹಿ ಸೌತೆ

ಪಾಶ್ಚಾತ್ಯ ಪಾಕವಿಧಾನಗಳ ಜುಕಿನಿಗೆ ಬದಲಾಗಿ ಸೋರೆಕಾಯಿ, ಸೌತೆಕಾಯಿ ಅಥವಾ ಹೀರೆಕಾಯಿಯ ತುರಿಯನ್ನು ಹಿಂಡಿ ಬಳಸುವವರಿದ್ದಾರೆ. ರುಚಿಯ ಮಟ್ಟಿಗೆ ಇದರಲ್ಲಿ ತೊಂದರೆಯಿಲ್ಲ. ಆದರೆ ಈ ಕುಟುಂಬದ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಹೆಚ್ಚುತ್ತದೆ. ಅಂತಹ ಕಾಯಿಯನ್ನು ತಿಂದರೆ ಹೊಟ್ಟೆನೋವು, ವಾಂತಿ, ರಕ್ತಭೇದಿ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಬೇಯಿಸುವುದರಿಂದ ಈ ವಿಷ ಹೋಗುವುದಿಲ್ಲ.

ಸಾಂಬಾರಿನಲ್ಲಿಯೋ ಪಲ್ಯದಲ್ಲಿಯೋ ಆದರೆ ಮೊದಲ ತುತ್ತಿಗೇ ನಾಲಿಗೆ ಎಚ್ಚರಿಸುತ್ತದೆ, ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಚಾಕೊಲೇಟ್ ಕೇಕಿನಲ್ಲಿ ಹಾಗಲ್ಲ. ಕೋಕೋ ಸ್ವತಃ ಕಹಿ, ಅದರ ಮೇಲೆ ಬೆಲ್ಲದ ಸಿಹಿ. ಕಾಯಿಯ ಕಹಿ ಇವೆರಡರ ನಡುವೆ ಮುಚ್ಚಿಹೋಗಬಹುದು. ತರಕಾರಿ ಇದೆಯೆಂದೇ ತಿಳಿಯದ ಮಗು ಅದನ್ನು ಪೂರ್ತಿ ತಿಂದುಬಿಡಬಹುದು. ಆದ್ದರಿಂದ ಪ್ರತಿಯೊಂದು ಕಾಯಿಯ ಎರಡು ತುದಿಗಳಿಂದಲೂ ಸಣ್ಣ ಚೂರು ಕತ್ತರಿಸಿ, ಹಸಿಯಾಗಿಯೇ ನಾಲಿಗೆಗೆ ತಾಗಿಸಿ ನೋಡಿ ಉಗುಳಿರಿ. ಸ್ವಲ್ಪ ಕಹಿಯೆನಿಸಿದರೂ ಇಡೀ ಕಾಯಿಯನ್ನು ಎಸೆಯಬೇಕು. ಕಹಿ ಭಾಗವನ್ನು ಮಾತ್ರ ತೆಗೆದು ಉಳಿದುದನ್ನು ಬಳಸುವ ಉಳಿತಾಯ ಬೇಡ.

ಬಚ್ಚಿಡುವುದು ಸರಿಯೇ?

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳ ಊಟ ತಿಂಡಿಗಳಲ್ಲಿ ಅರೆದ ತರಕಾರಿ ಬೆರೆಸಿ ನಡೆಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಮಕ್ಕಳು ಮೊದಲಿನಷ್ಟೇ ತೂಕದ ಆಹಾರ ತಿಂದರು. ತಿಂದ ತರಕಾರಿ ಹೆಚ್ಚಿತು, ಕ್ಯಾಲೊರಿ ತಗ್ಗಿತು. ಆ ಅಧ್ಯಯನದ ಇನ್ನೊಂದು ಅಂಶ ಮುಖ್ಯ: ಬಚ್ಚಿಟ್ಟ ತರಕಾರಿಯ ಜೊತೆಗೆ, ಕಣ್ಣಿಗೆ ಕಾಣುವ ತರಕಾರಿಯನ್ನೂ ತಟ್ಟೆಯಲ್ಲಿ ಬಡಿಸಲಾಗಿತ್ತು, ಮತ್ತು ಮಕ್ಕಳು ಅದನ್ನು ತಿನ್ನುವುದು ಕಡಿಮೆಯಾಗಲಿಲ್ಲ. ಬೇಡವೆಂದ ತರಕಾರಿಯನ್ನು ಒತ್ತಾಯವಿಲ್ಲದೆ ಹತ್ತಾರು ಬಾರಿ ಮುಂದಿಟ್ಟಾಗಲೇ ಮಗು ಅದರ ರುಚಿಗೆ ಒಗ್ಗಿಕೊಳ್ಳುವುದು. ಕೇಕಿನಲ್ಲಿ ಕರಗಿಹೋದ ಬೀಟ್‌ರೂಟ್ ಈ ಪಾಠವನ್ನು ಕಲಿಸಲಾರದು. ಕೇಕು ತಿಂದ ದಿನವೂ ಪಲ್ಯ ತಟ್ಟೆಯಲ್ಲಿರಲಿ. ಆರೇಳು ವರ್ಷ ದಾಟಿದ ಮಕ್ಕಳಿಗೆ ಬೀಟ್‌ರೂಟ್ ಸಿಪ್ಪೆ ತೆಗೆಯುವ, ಹಿಟ್ಟು ಜರಡಿ ಹಿಡಿಯುವ ಕೆಲಸವನ್ನೇ ಕೊಟ್ಟುಬಿಡಬಹುದು. ಕೈ ಕೆಂಪಾದ ಮಗುವಿನಿಂದ ಬಚ್ಚಿಡಲು ಏನೂ ಉಳಿಯುವುದಿಲ್ಲ.

ಬೇರೆಯವರ ಮಕ್ಕಳಿಗೆ ಕೊಡುವಾಗ ಮಾತ್ರ ಯಾವುದನ್ನೂ ಬಚ್ಚಿಡಬಾರದು. ಯಾರಿಗೆ ಯಾವುದು ಅಲರ್ಜಿಯೆಂದು ನಮಗೆ ತಿಳಿದಿರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಲವರಲ್ಲಿ ಮೂತ್ರ, ಮಲ ಕೆಂಪಾಗುವುದುಂಟು. ಇದು ನಿರಪಾಯಕರ, ಆದರೆ ತಿಳಿಯದ ತಾಯಿ ರಕ್ತವೆಂದೇ ಗಾಬರಿಗೊಳ್ಳುತ್ತಾಳೆ.

ಶೇಖರಣೆ ಮತ್ತು ಮಾರಾಟ

ಗಾತ್ರ ಸಣ್ಣದೆಂದೋ ಆಕಾರ ಸೊಟ್ಟವೆಂದೋ ಮಂಡಿಯಲ್ಲಿ ಬೆಲೆ ಸಿಗದ ಬೀಟ್‌ರೂಟ್, ಕ್ಯಾರೆಟ್, ಗೆಣಸುಗಳು ತಿರುಳಿಗೆ ಯೋಗ್ಯ, ಕೊಳೆತವು ಬೇಡ. ಬೆಲೆ ಬಿದ್ದಾಗ ತಿರುಳು ಮಾಡಿ 200 ಗ್ರಾಂ ಪೊಟ್ಟಣಗಳಲ್ಲಿ ಘನೀಕರಿಸಿ (ಮೈನಸ್ 18 ಡಿಗ್ರಿ) ಎರಡು ಮೂರು ತಿಂಗಳು ಇಡಬಹುದು. ಇವೆಲ್ಲ ಹುಳಿ ಕಡಿಮೆಯಿರುವ ತರಕಾರಿಗಳಾದ್ದರಿಂದ ತಿರುಳನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಹೊರಗೆ ಇಡಲೇಬಾರದು. ಮಾರಕವಾದ ಬಾಟುಲಿಸಂ ವಿಷ ಉತ್ಪತ್ತಿಯಾಗುವ ಅಪಾಯವಿದೆ.

ತೇವಾಂಶ ಹೆಚ್ಚು, ಸಕ್ಕರೆ ಕಡಿಮೆ ಇರುವುದರಿಂದ ಈ ಕೇಕಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಹೊರಗೆ ಒಂದು ದಿನ, ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಶೀತಕ ಪೆಟ್ಟಿಗೆಯಲ್ಲಿ ನಾಲ್ಕು ದಿನ. ಮಾಮೂಲಿ ಕೇಕಿನಂತೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ವಾರವಿಡೀ ಇಡಲು ಬಾರದು, ಆದ್ದರಿಂದ ಮುಂಗಡ ಬೇಡಿಕೆ ಪಡೆದು ಮಾಡುವುದೇ ಕ್ಷೇಮ. ಬಿಸಿಯಿರುವಾಗ ಪೊಟ್ಟಣ ಕಟ್ಟಿದರೆ ಒಳಗೆ ಹನಿಗಟ್ಟಿ ಮರುದಿನವೇ ಕೆಡುತ್ತದೆ.

ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಚೀಟಿಯಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಮೇಲಿನ ಪ್ರಮಾಣದಂತೆ ಮಾಡಿದರೆ ಮೊದಲ ಹೆಸರು ಬೀಟ್‌ರೂಟ್, ಎರಡನೆಯದು ಬೆಲ್ಲ. ಗೋಧಿ, ಮೊಟ್ಟೆ, ಹಾಲು ಇರುವುದನ್ನು ಅಲರ್ಜಿ ಸೂಚನೆಯಾಗಿ ಪ್ರತ್ಯೇಕವಾಗಿ ತಿಳಿಸಿ, ಮೊಟ್ಟೆ ಬಳಸಿದ್ದರೆ ಮಾಂಸಾಹಾರದ ಕಂದು ಚಿಹ್ನೆಯನ್ನು ಮುದ್ರಿಸಬೇಕು. ಬೆಲ್ಲ ಬಳಸಿದ ಕೇಕಿನ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯಲು ನಿಯಮದಲ್ಲಿ ಅವಕಾಶವಿಲ್ಲ. ‘ಬೀಟ್‌ರೂಟ್ ಮತ್ತು ರಾಗಿಯ ಚಾಕೊಲೇಟ್ ಕೇಕ್’ ಎಂದು ಮುಂಭಾಗದಲ್ಲಿಯೇ ದೊಡ್ಡದಾಗಿ ಬರೆಯಿರಿ; ತಯಾರಿಸಿದ ದಿನಾಂಕ ಮತ್ತು ‘ತಂಪಿನಲ್ಲಿಟ್ಟು ನಾಲ್ಕು ದಿನದೊಳಗೆ ಬಳಸಿ’ ಎಂಬ ಸೂಚನೆ ಅದರ ಕೆಳಗಿರಲಿ.